ಮಾವನ ಬಂದೂಕಿಗೆ ಅಳಿಯನ ಅಂಟು

ಅಂಟಿನ ವಿಷಯದಲ್ಲಿ ನನ್ನನ್ನು ಮೀರಿಸುವ ಗಂಡಸು ಈ ಊರಿನಲ್ಲಿ ಇನ್ನೂ ಹುಟ್ಟಿಲ್ಲ! ಇದು ಜಂಬವಲ್ಲ, ಇತಿಹಾಸ. ಚಳವಳಿಯ ಕಾಲದಲ್ಲಿ ಬೇರೆಯವರು ಭಾಷಣ ಮಾಡಿದರು, ಹಾಡು ಕಟ್ಟಿದರು, ಆಮೇಲೆ ಚುನಾವಣೆಗೆ ನಿಂತು ಠೇವಣಿ ಕಳೆದುಕೊಂಡರು. ನಾನು ಗೋಡೆಗೆ ಪೋಸ್ಟರ್ ಅಂಟಿಸಿದೆ. ಹಿಟ್ಟಿಗೆ ನೀರೆಷ್ಟು, ಕುದಿಯೆಷ್ಟು, ಬಳಿಯುವ ಕೈಗೆ ಬೀಸೆಷ್ಟು ಎಂಬುದೆಲ್ಲ ನನಗೆ ನೀರು ಕುಡಿದಷ್ಟು ಸಲೀಸು. ನಾನು ಅಂಟಿಸಿದ್ದನ್ನು ಕೆರೆಯಲು ಬಂದ ಪೊಲೀಸರು ಗೋಡೆಯ ಗಾರೆ ಕಿತ್ತುಕೊಂಡು ಹೋದರು, ಪೋಸ್ಟರ್ ಜಪ್ಪಯ್ಯ ಅನ್ನಲಿಲ್ಲ. ಮಂತ್ರಿ ರಾಜೀನಾಮೆ ಕೊಟ್ಟು, ಬೇರೆ ಪಕ್ಷ ಸೇರಿ, ಮತ್ತೆ ಮಂತ್ರಿಯಾಗಿ ಅದೇ ಬೀದಿಯಲ್ಲಿ ಮೆರವಣಿಗೆ ಬಂದಾಗಲೂ ‘ರಾಜೀನಾಮೆ ಕೊಡು’ ಎಂಬ ನನ್ನ ಪೋಸ್ಟರ್ ಗೋಡೆ ಮೇಲೆ ಹಾಗೇ ಇತ್ತು!

ಇಂಥ ನನ್ನ ಮನೆಯಲ್ಲಿ ಒಂದು ಬಿರುಕನ್ನು ಅಂಟಿಸಲು ನನ್ನ ಹೆಂಡತಿ ಇನ್ನೊಬ್ಬ ಗಂಡಸನ್ನು ಕರೆಯುವುದೆಂದರೆ ಏನರ್ಥ? ಆ ಬಿರುಕನ್ನು ನಾನೇ ಅಂಟಿಸುತ್ತೇನೆ, ಲೋಕ ತಲೆಕೆಳಗಾದರೂ ಸರಿ ಎಂದು ಅವತ್ತೇ ಪಣ ತೊಟ್ಟೆ.

ಬಿರುಕು ಬಿಟ್ಟಿದ್ದು ಸಂಸಾರವಲ್ಲ, ಮೊದಲೇ ಹೇಳಿಬಿಡುತ್ತೇನೆ. ಬಂದೂಕು.

ನನ್ನ ಮಾವನವರದು ಒಂದು ಹಳೆಯ ಜೋಡುನಳಿಗೆ ಬಂದೂಕು. ಅವರು ಗಂಡುಮಕ್ಕಳಿಗೆ ಮನೆ, ಅಂಗಡಿ ಹಂಚಿ, ಮಗಳಿಗೆ ಬಂದೂಕು ಬಿಟ್ಟುಹೋದರು. ಅಳಿಯನನ್ನು ನೋಡಿದ ಮೇಲೆ ಮಗಳಿಗೆ ಬೇಕಾಗುವುದು ಇದೇ ಅನ್ನಿಸಿರಬೇಕು. ಶಾಲೆಯಲ್ಲಿ ಆಟದ ಟೀಚರಾಗಿದ್ದ ನನ್ನ ಹೆಂಡತಿ ನಿವೃತ್ತಳಾದ ಮಾರನೆಯ ವಾರವೇ ಲೈಸೆನ್ಸನ್ನು ತನ್ನ ಹೆಸರಿಗೆ ಮಾಡಿಸಿ, ಬಂದೂಕು ಕ್ಲಬ್ಬು ಸೇರಿದಳು. ಅಲ್ಲಿ ಆಕಾಶಕ್ಕೆ ಮಣ್ಣಿನ ಬಿಲ್ಲೆ ಹಾರಿಸುತ್ತಾರೆ, ಇವರು ಅದನ್ನು ಢಮಾರ್ ಎಂದು ಒಡೆಯುತ್ತಾರೆ. ನಾನು ಬಂದೂಕನ್ನು ಜೀವಮಾನವಿಡೀ ಎದುರಿನಿಂದ ನೋಡಿದವನು. ಅವಳು ಹಿಂದಿನಿಂದ ನೋಡುವವಳು. ನಮ್ಮಿಬ್ಬರ ದೃಷ್ಟಿಕೋನ ಕೂಡಿ ಬರಲಿಲ್ಲ ಎಂದರೆ ಅದರಲ್ಲಿ ಆಶ್ಚರ್ಯವಿಲ್ಲ.

ಬಂದೂಕು ಸಿಡಿದಾಗ ಹಿಂದಕ್ಕೆ ಒದೆಯುತ್ತದಂತೆ. ಆ ಒದೆಯನ್ನು ನುಂಗಲು, ಹೆಗಲಿಗೆ ಆನಿಸುವ ಮರದ ತುದಿಗೆ ಒಂದು ರಬ್ಬರ್ ಪ್ಯಾಡ್ ಇರುತ್ತದೆ. ಇಟ್ಟಿಗೆಯ ಕೆಂಪು ಬಣ್ಣ, ಪಕ್ಕದಲ್ಲಿ ಜೇನುಗೂಡಿನ ಹಾಗೆ ತೂತುಗಳು. ಒದೆ ತಿನ್ನುವವರಿಗೆ ದಿಂಬು! ನಮ್ಮ ಬೆನ್ನಿನ ಮೇಲೆ ಲಾಠಿ ಆಡಿದಾಗ ಯಾವನೂ ಒಂದು ಬೊಗಸೆ ಹತ್ತಿ ಕೊಡಲಿಲ್ಲ. ಇರಲಿ. ಆ ಪ್ಯಾಡ್ ಮಾವನ ಕಾಲದ್ದು, ಒಣಗಿ ಅಡ್ಡಡ್ಡಲಾಗಿ ಸೀಳಿತ್ತು. ಅದನ್ನು ಮಾಡಿದ ಕಾರ್ಖಾನೆ ಯಾವತ್ತೋ ಮಣ್ಣುಪಾಲಾಗಿದೆ. ಬರುವ ಭಾನುವಾರ ಕ್ಲಬ್ಬಿನಲ್ಲಿ ಹಳೇ ಬಂದೂಕುಗಳ ಪಂದ್ಯ. ನಿಯಮ ಕಟ್ಟುನಿಟ್ಟು: ಬಂದೂಕಿನ ಯಾವ ಭಾಗವೂ ಹೊಸದಾಗಿರಕೂಡದು, ರಿಪೇರಿ ಮಾಡಿಸಬಹುದು. ಹೆಂಡತಿಗೆ ಪಂದ್ಯ ಎಂದರೆ ಪ್ರಾಣ. ಹೋದ ಸಲ ಗೆದ್ದ ಕಪ್ಪು ನಮ್ಮ ಟಿವಿಯ ಪಕ್ಕದಲ್ಲೇ ಕೂತಿದೆ.

ಈಗ ಖಳನಾಯಕನ ಪ್ರವೇಶ. ಕ್ಲಬ್ಬಿನಲ್ಲಿ ಒಬ್ಬ ಹಲ್ಲಿನ ಡಾಕ್ಟರು. ಹೆಂಡತಿ ಇಲ್ಲದವರು. ಈ ವಯಸ್ಸಿಗೂ ತಲೆ ತುಂಬ ಕೂದಲು, ಬಾಯಿ ತುಂಬ ಹಲ್ಲು. ನನಗೆ ಎರಡರಲ್ಲೂ ಬರ. ಬುಧವಾರ ಊಟಕ್ಕೆ ಕೂತಾಗ ಹೆಂಡತಿ ಬಾಯಿ ಬಿಟ್ಟಳು.

“ಡಾಕ್ಟ್ರು ಇವತ್ತು ನೋಡಿದ್ರು ರೀ. ಎಷ್ಟು ಮೆತ್ತಗೆ ಮುಟ್ಟಿದ್ರು ಗೊತ್ತಾ!”

ತುತ್ತನ್ನು ತಟ್ಟೆಗೇ ಬಿಟ್ಟೆ. “ಏನನ್ನ?”

“ಪ್ಯಾಡನ್ನ! ಇನ್ನೇನನ್ನ?”

“ಏನಿಲ್ಲ, ಕೇಳ್ದೆ ಅಷ್ಟೆ.”

“ಬೆರಳಲ್ಲಿ ಹಿಂಗೆ ಬಿರುಕು ಅಗಲಿಸಿ, ಟಾರ್ಚ್ ಬಿಟ್ಟು ನೋಡಿ, ‘ಮೇಡಂ, ಗಾಬರಿಯಾಗ್ಬೇಡಿ, ಇದು ಉಳಿಯುತ್ತೆ’ ಅಂದ್ರು. ನಂಗೆ ಹೋದ ಜೀವ ಬಂತು.”

ನಾನು ಜೈಲಿನಿಂದ ಮನೆಗೆ ಬಂದ ದಿನ ಇವಳಿಗೆ ಎಷ್ಟು ಜೀವ ಬಂದಿತ್ತೆಂದು ನೆನಪು ಮಾಡಿಕೊಂಡೆ. “ಮೊದಲು ಸ್ನಾನ ಮಾಡಿ” ಎಂದಿದ್ದಳು.

“ರಬ್ಬರಿಗೆ ಬಾಗೋ ಅಂಟೇ ಹಾಕ್ಬೇಕಂತೆ. ಗಟ್ಟಿ ಅಂಟು ಹಾಕಿದ್ರೆ ಕಲ್ಲಾಗಿ ಹೋಗುತ್ತಂತೆ. ಸೈಕಲ್ ಪಂಕ್ಚರ್ ಸಲ್ಯೂಷನ್ನೇ ಸಾಕಂತೆ.”

“ಏನೇ ಇದು, ಅಂತೆ ಕಂತೆ! ಮನೇಲಿ ಅಂಟಿನ ಪಂಡಿತ ಕೂತಿರುವಾಗ ಹಲ್ಲು ಕೀಳೋನ ಕೈಲಿ ಅಂಟಿಸೋದಾ? ಕೀಳೋದು ಅವನ ಕಸುಬು. ಅಂಟ್ಸೋದು ನನ್ನ ಕಸುಬು!”

“ಅವ್ರು ಹಲ್ಲಿನ ಬಿರುಕು ತುಂಬ್ತಾರೆ ಕೂಡ.”

“ನಾನು ಊರಿನ ಗೋಡೆಗಳನ್ನೇ ತುಂಬಿದೀನಿ!”

“ಹೌದು, ಊರೋರು ಇನ್ನೂ ತೊಳೀತಾ ಇದಾರೆ. ನೋಡಿ, ನೀವು ಅದನ್ನ ಮುಟ್ಟಬೇಡಿ. ಶನಿವಾರ ಮಧ್ಯಾಹ್ನ ಡಾಕ್ಟ್ರೇ ಮನೆಗೆ ಬಂದು ಪ್ಯಾಡ್ ಬಿಚ್ಕೊಂಡು ಹೋಗ್ತಾರೆ.”

ಮನೆಗೇ ಬರುತ್ತಾನೆ! ಹೊಟ್ಟೆಯೊಳಗೆ ಟೈರು ಸುಟ್ಟ ಹಾಗೆ ಹೊಗೆ ಎದ್ದಿತು. ಟೈರು ಸುಟ್ಟ ಅನುಭವ ಉಳ್ಳವನು ನಾನು, ಸುಮ್ಮನೆ ಹೇಳುತ್ತಿಲ್ಲ.

ಮಾರನೆಯ ದಿನ ಬೆಳಿಗ್ಗೆಯೇ ‘ಬಕೆಟ್’ನ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಅವನು ನನ್ನ ಹಳೇ ಸಂಗಾತಿ. ಚಳವಳಿಯಲ್ಲಿ ನಾನು ಪೋಸ್ಟರ್ ಹಿಡಿದರೆ ಅವನು ಅಂಟಿನ ಬಕೆಟ್ ಹಿಡಿಯುತ್ತಿದ್ದ. ಈಗ ನಾಯಕರ ಹಿಂದೆ ಬಕೆಟ್ ಹಿಡಿದು ಅಲೆಯುವವರ ಜಾತಿಯಲ್ಲ, ನಿಜವಾದ ತಗಡಿನ ಬಕೆಟ್ ಹೊತ್ತವನು.

“ಏನು ಅಂಟಿಸ್ಬೇಕು ಗುರೂ?”

“ರಬ್ಬರು.”

“ಯಾವುದಕ್ಕೆ?”

“ರಬ್ಬರಿಗೇ. ಬಿರುಕು ಬಿಟ್ಟಿದೆ.”

“ತಗೋ, ಪಂಕ್ಚರ್ ಸಲ್ಯೂಷನ್. ಇದನ್ನ ಬಿಟ್ರೆ ಇಲ್ಲ.”

ಟ್ಯೂಬನ್ನು ಪಕ್ಕಕ್ಕೆ ತಳ್ಳಿದೆ. ಇವನನ್ನೂ ಆ ಡಾಕ್ಟರು ಬುಟ್ಟಿಗೆ ಹಾಕಿಕೊಂಡಿದ್ದಾನೆಯೆ?

“ಯಾರೋ ಹೇಳಿಕೊಟ್ಟಿದ್ದು ನಿಂಗೆ?”

“ಹೇಳಿಕೊಡೋದೇನು ಬಂತು? ರಬ್ಬರು ಬಾಗುತ್ತೆ, ಅಂಟೂ ಬಾಗ್ಬೇಕು.”

“ಅದಕ್ಕಿಂತ ಗಟ್ಟಿ ಯಾವುದಿದೆ ಹೇಳು.”

“ಒಂದು ಹನಿ ಬಿಟ್ರೆ ಕಣ್ಣು ಮಿಟುಕಿಸೋದ್ರಲ್ಲಿ ಹಿಡ್ಕೊಳ್ಳೋದು ಇದೆ.”

“ಅದಕ್ಕಿಂತ?”

ಅವನು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದ. “ಗುರೂ, ನೀನು ಅಂಟಿಸ್ತಾ ಇದೀಯೋ, ಯಾರ ಮೇಲಾದ್ರೂ ಸೇಡು ತೀರಿಸ್ಕೋತಾ ಇದೀಯೋ?”

ಗೆಳೆಯರು ಹಳಬರಾದಷ್ಟೂ ಅಪಾಯ ಹೆಚ್ಚು.

ಕೊನೆಗೆ ಅವನು ಕೆಳಗಿನ ಕಪಾಟಿನಿಂದ ಜೋಡಿ ಟ್ಯೂಬು ತೆಗೆದ. “ಇದು ನೀರಿನ ಪೈಪು ಒಡೆದಾಗ ಹಾಕೋದು. ಎರಡೂ ಕಲಸಿ ಬಳಿದ್ರೆ ಕಲ್ಲು. ಆಮೇಲೆ ದೇವ್ರು ಬಂದ್ರೂ ಕೀಳೋಕಾಗಲ್ಲ.”

“ದೇವ್ರ ಮಾತು ಬಿಡು. ಡಾಕ್ಟ್ರು ಬಂದ್ರೂ ಕೀಳೋಕಾಗ್ಬಾರ್ದು!”

“ಯಾವ ಡಾಕ್ಟ್ರು?”

“ಮೂರನ್ನೂ ಕಟ್ಟು” ಎಂದು ಹೇಳಿ, ಮೂರು ಬಗೆಯ ಅಂಟನ್ನೂ ಹೊತ್ತು ಮನೆಗೆ ಬಂದೆ.

ಶನಿವಾರ ಊಟ ಮುಗಿಸಿ ಹೆಂಡತಿ ಪಂದ್ಯಕ್ಕೆ ಹೆಸರು ಬರೆಸಲು ಕ್ಲಬ್ಬಿಗೆ ಹೊರಟಳು. ಹೋಗುವ ಮುಂಚೆ ಬಂದೂಕನ್ನು ಬಿಚ್ಚಿ, ನಳಿಗೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ನನ್ನ ಮೇಲೆ ಅಷ್ಟು ನಂಬಿಕೆ! ಡಾಕ್ಟರಿಗೆಂದು ಮರದ ಭಾಗವನ್ನು ಮಾತ್ರ ಊಟದ ಮೇಜಿನ ಮೇಲೆ ಬಿಟ್ಟಿದ್ದಳು.

“ನಾನು ಬರೋದು ತಡವಾದ್ರೆ ಡಾಕ್ಟ್ರಿಗೆ ಕಾಫಿ ಕೊಡಿ. ಬಾಯಿ ಮುಚ್ಕೊಂಡು ಕೊಡಿ.”

“ಆಯ್ತಮ್ಮ.”

ಬಾಗಿಲು ಹಾಕಿದ ಕೂಡಲೇ ಕಾರ್ಯಾಚರಣೆ ಆರಂಭಿಸಿದೆ. ಪರೀಕ್ಷೆ ಮಾಡದೆ ಬಳಿಯುವ ಅಡ್ಡಕಸುಬಿ ನಾನಲ್ಲ. ನನ್ನ ಹಳೇ ರಬ್ಬರ್ ಚಪ್ಪಲಿಗಳನ್ನು ಚಾಕುವಿನಿಂದ ಸೀಳಿದೆ. ಎಡಗಾಲಿನದಕ್ಕೆ ಪಂಕ್ಚರ್ ಸಲ್ಯೂಷನ್ ಬಳಿದು ಒತ್ತಿ ಪಕ್ಕಕ್ಕಿಟ್ಟೆ. ಬಲಗಾಲಿನದಕ್ಕೆ ಆ ಒಂದು ಹನಿಯ ಅಂಟು. ಒಂದು ಹನಿ ಬಿಡು ಎಂದರೆ ಒಂದೇ ಹನಿ ಬಿಡಲು ನಾನೇನು ಜಿಪುಣನೆ? ಬಕೆಟ್‌ಗಟ್ಟಲೆ ಬಳಿದ ಕೈ ಇದು. ಧಾರಾಳವಾಗಿ ಸುರಿದು ಅಂಗೈಯಿಂದ ಒತ್ತಿ ಹಿಡಿದೆ.

ಬಿರುಕು ಕೂಡಿತೋ ಇಲ್ಲವೋ ಗೊತ್ತಾಗಲಿಲ್ಲ. ನಾನೂ ಚಪ್ಪಲಿಯೂ ಮಾತ್ರ ಒಂದಾದೆವು!

ಎಳೆದೆ. ಅಲ್ಲಾಡಿಸಿದೆ. ಮೇಜಿಗೆ ಬಡಿದೆ. ಇದೇ ಶುಭ ಮುಹೂರ್ತದಲ್ಲಿ ಕರೆಗಂಟೆ ಸದ್ದಾಯಿತು. ಎಡಗೈಯಲ್ಲಿ ಬಾಗಿಲು ತೆಗೆದರೆ ಎದುರಿಗೆ ಆ ಪೂರ್ತಿ ಹಲ್ಲಿನ ನಗು. ಅವನ ಮುಂದೆ ಸೋತವನಂತೆ ಕಾಣಬಾರದೆಂದು ನಾನೂ ಅಷ್ಟೇ ದೊಡ್ಡದಾಗಿ ನಕ್ಕು, ಬಲಗೈ ಎತ್ತಿ ಬೀಸಿ ಸ್ವಾಗತಿಸಿದೆ.

“ಬನ್ನಿ ಬನ್ನಿ! ನಿಮ್ಮನ್ನೇ ಕಾಯ್ತಾ ಇದ್ದೆ!”

ಡಾಕ್ಟರ ಕಣ್ಣು ನನ್ನ ಮುಖದಿಂದ ಚಪ್ಪಲಿಗೆ ಹೋಯಿತು, ಚಪ್ಪಲಿಯಿಂದ ಮೆಟ್ಟಿಲಿಗೆ ಹೋಯಿತು.

“ಸಾರ್... ನಾನು ಆಮೇಲೆ ಬರ್ತೀನಿ.”

“ಅಯ್ಯೋ, ಒಳಗೆ ಬನ್ನಿ ಅಂದ್ರೆ!” ಕೈ ಇನ್ನೊಮ್ಮೆ ಬೀಸಿತು.

“ಬೇಡ ಸಾರ್, ಬೇಡ. ಮೇಡಂಗೆ ಫೋನ್ ಮಾಡ್ತೀನಿ” ಎನ್ನುತ್ತಾ, ನನಗೆ ಬೆನ್ನು ತೋರಿಸದೆ, ಹಿಂದುಹಿಂದಕ್ಕೇ ಮೆಟ್ಟಿಲಿಳಿದು ಗೇಟು ದಾಟಿದರು. ‘ಅಂಟಿಕೊಂಡಿದೆ ಮಾರಾಯ್ರೇ’ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಅಂಟಿನ ಪಂಡಿತ ಅಂಟಿಗೇ ಸಿಕ್ಕಿಬಿದ್ದಿದ್ದಾನೆಂದು ಆ ಮನುಷ್ಯನಿಗೆ ಹೇಳುವುದಕ್ಕಿಂತ ಚಪ್ಪಲಿ ಎತ್ತಿದ ಅಪವಾದವೇ ವಾಸಿ ಅನ್ನಿಸಿತು. ಅಲ್ಲದೆ, ಸುಳ್ಳೇಕೆ, ಅವರು ಹಾಗೆ ಹಿಂದಕ್ಕೆ ನಡೆದದ್ದು ನೋಡಲು ಬಲು ಚೆನ್ನಾಗಿತ್ತು.

ಬಿಸಿನೀರು, ಸೋಪಿನಲ್ಲಿ ಕೈ ನೆನೆಸಿ ತಿಕ್ಕಿದ ಮೇಲೆ ಚಪ್ಪಲಿ ಬಿಟ್ಟಿತು. ಹೆಬ್ಬೆಟ್ಟಿನ ಗುರುತನ್ನು ಮಾತ್ರ ತಾನೇ ಇಟ್ಟುಕೊಂಡಿತು. ಇನ್ನು ಮೇಲೆ ಪೊಲೀಸರು ನನ್ನನ್ನು ಯಾವ ಕೇಸಿನಲ್ಲಿ ಬೇಕಾದರೂ ಹುಡುಕಿಕೊಳ್ಳಲಿ!

ಅಷ್ಟರಲ್ಲಿ ಎಡಗಾಲಿನ ಚಪ್ಪಲಿ ಒಣಗಿತ್ತು. ಬಾಗಿಸಿದೆ, ಬಾಗಿತು. ತಿರುಚಿದೆ, ತಿರುಚಿತು. ಜಗ್ಗಿದೆ. ಹಾಳಾದ್ದು, ಬಿರುಕು ಬಾಯಿ ಬಿಡಲೇ ಇಲ್ಲ! ಪಂಕ್ಚರ್ ಸಲ್ಯೂಷನ್ನೇ ಸರಿ ಎಂದು ಕೈ ಹೇಳಿತು, ಕಣ್ಣು ಹೇಳಿತು. ಹೊಟ್ಟೆ ಮಾತ್ರ, “ನಾಳೆ ಕಪ್ಪು ಹಿಡಿದು ನಿಂತ ಹೆಂಡತಿ ‘ಡಾಕ್ಟ್ರು ಹೇಳಿದ ಅಂಟು’ ಅನ್ನುತ್ತಾಳೆ, ಕೇಳಿಕೊಂಡು ನಿಂತಿರು” ಎಂದು ಕೂಗಿತು. ಸಲ್ಯೂಷನ್ ಟ್ಯೂಬನ್ನು ಕಿಟಕಿಯಿಂದಾಚೆ ಎಸೆದೆ.

ಪೈಪಿನ ಅಂಟನ್ನು ಕಲಸಿದೆ. ಬಿರುಕಿಗೆ ತುಂಬಿದೆ. ಬಿರುಕು ತುಂಬಿದ ಮೇಲೂ ಉಳಿದಿತ್ತು, ಪಕ್ಕದ ತೂತುಗಳಿಗೂ ತುಂಬಿದೆ. ಬಡವರ ಮನೆಯಲ್ಲಿ ಬೆಳೆದವನಿಗೆ ಏನನ್ನೂ ಚೆಲ್ಲಿ ಅಭ್ಯಾಸವಿಲ್ಲ. ಇನ್ನು ಒತ್ತಡ ಬೇಕು. ಮೇಜು ಕೊಳೆಯಾಗದಿರಲೆಂದು ಒಂದು ಹಳೇ ಪೋಸ್ಟರ್ ಹಾಸಿ, ಅದರ ಮೇಲೆ ಬಂದೂಕಿನ ಮರವನ್ನು ಪ್ಯಾಡ್ ಕೆಳಗಾಗುವಂತೆ ನೆಟ್ಟಗೆ ನಿಲ್ಲಿಸಿದೆ. ಅಟ್ಟದ ಮೇಲಿದ್ದ ನಮ್ಮ ಕರಪತ್ರಗಳ ಎರಡು ಕಟ್ಟು ಇಳಿಸಿ, ಹಗ್ಗದಿಂದ ಜೋಡಿಸಿ, ಕತ್ತೆಯ ಬೆನ್ನಿಗೆ ಹೇರಿದ ಹಾಗೆ ಆಚೆಗೊಂದು ಈಚೆಗೊಂದು ತೂಗುಹಾಕಿದೆ. ಇಷ್ಟು ವರ್ಷ ಯಾರೂ ಮೂಸಿ ನೋಡದ ನಮ್ಮ ಸಾಹಿತ್ಯಕ್ಕೆ ಅಂದು ಮೊದಲ ಬಾರಿಗೆ ತೂಕ ಬಂತು! ಆಮೇಲೆ ಗೆದ್ದವನ ನಿದ್ದೆ ಹೊಡೆದೆ.

ಎಚ್ಚರವಾದದ್ದು ಹೆಂಡತಿಯ ದನಿಗೆ. ಆಟದ ಮೈದಾನದ ಆ ತುದಿಯಲ್ಲಿರುವ ಮಕ್ಕಳನ್ನು ಈ ತುದಿಯಿಂದ ನಿಲ್ಲಿಸಿದ ದನಿ ಅದು.

“ಡಾಕ್ಟ್ರಿಗೆ ಚಪ್ಪಲಿ ತೋರಿಸಿದ್ರಂತೆ!”

“ತೋರಿಸ್ಲಿಲ್ಲ ಕಣೇ. ಕೈಯಲ್ಲಿತ್ತು.”

“ಕೈಯಲ್ಲಿ ಯಾಕಿತ್ತು?”

“ಅದು... ಬಿಡ್ತಿರ್ಲಿಲ್ಲ.”

ಅವಳ ಬೆನ್ನ ಹಿಂದೆ, ಒಂದು ಹೆಜ್ಜೆ ಹೊಸ್ತಿಲಾಚೆಗೇ ಇಟ್ಟುಕೊಂಡು ಡಾಕ್ಟರು ನಿಂತಿದ್ದರು. ಇವಳೇ ಕ್ಷಮೆ ಕೇಳಿ, ಕೈ ಹಿಡಿದು ಎಳೆದು ತಂದಿರಬೇಕು. ಕೈ ಹಿಡಿದು! ನಾನು ಅದನ್ನು ವಿಚಾರಿಸುವಷ್ಟರಲ್ಲಿ ಹೆಂಡತಿಯ ಕಣ್ಣು ಮೇಜಿನ ಮೇಲೆ ಬಿತ್ತು.

“ರೀ, ಏನಿದು?”

“ಒಣಗ್ತಾ ಇದೆ.”

ಅವಳು ಕರಪತ್ರಗಳನ್ನು ಕಿತ್ತೆಸೆದು ಮರವನ್ನು ಹಿಡಿದೆತ್ತಿದಳು. ಮೇಜು ಎದ್ದಿತು. ಮೇಜಿನ ಮೇಲಿದ್ದ ಲೋಟಗಳು ಒಂದರ ಹಿಂದೊಂದು ನೆಲಕ್ಕೆ ಹಾರಿದವು. ಅಂಟು ತೂತುಗಳಿಂದ ಸೋರಿ, ಪೋಸ್ಟರನ್ನು ನೆನೆಸಿ, ಮೇಜಿನ ಹಲಗೆಗೇ ಇಳಿದು ಕಲ್ಲಾಗಿತ್ತು. ಪೋಸ್ಟರಿನಲ್ಲಿ ದಪ್ಪ ಅಕ್ಷರದಲ್ಲಿ ‘ಒಂದಿಂಚೂ ಕದಲುವುದಿಲ್ಲ!’ ಎಂದಿತ್ತು. ನಾವು ಬರೆದ ಘೋಷಣೆಗಳಲ್ಲಿ ಕೊಟ್ಟ ಮಾತು ಉಳಿಸಿಕೊಂಡದ್ದು ಅದೊಂದೇ.

“ಬಂದೂಕು ನೆಟ್ಟಿದೀರಲ್ಲ ರೀ! ದಿನಾ ನೀರು ಹಾಕಿದ್ರೆ ಚಿಗುರುತ್ತಾ?”

“ಅಂಟು ಅಂದ್ರೆ ಹಿಂಗಿರ್ಬೇಕು...”

“ನಾಳೆ ಬೆಳಿಗ್ಗೆ ಪಂದ್ಯ! ಮೇಜು ಎತ್ಕೊಂಡು ಹೋಗಿ ಹೆಗಲಿಗೆ ಆನಿಸ್ಲಾ?”

ಡಾಕ್ಟರು ಮೆಲ್ಲಗೆ ಒಳಗೆ ಬಂದು, ಮಂಡಿಯೂರಿ, ಟಾರ್ಚ್ ಬಿಟ್ಟು, ಉಗುರಿನಿಂದ ಟಕ್ ಟಕ್ ಎಂದು ಕುಟ್ಟಿ ನೋಡಿದರು. ರೋಗಿಯ ಮನೆಯವರಿಗೆ ಹೇಳುವ ದನಿಯಲ್ಲಿ, “ಮೇಡಂ, ಬೇರಿನವರೆಗೂ ಹೋಗಿದೆ. ಮಿಷನ್ ತರ್ತೀನಿ” ಎಂದರು.

ತಂದರು. ಹಲ್ಲು ಕೊರೆಯುವ ಅದೇ ಮಿಷನ್, ಅದೇ ಮೈ ಜುಮ್ಮೆನ್ನಿಸುವ ಕುಂಯ್‌ಗುಡುವ ಸದ್ದು. ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಮೇಜಿಗೂ ಪ್ಯಾಡಿಗೂ ನಡುವೆ ಕೂದಲೆಳೆಯಷ್ಟು ಕೊರೆಯತೊಡಗಿದರು. ಟಾರ್ಚ್ ಹಿಡಿಯುವ ಕೆಲಸ ಯಾರ ಪಾಲಿಗೆ ಬಂತೆಂದು ಬೇರೆ ಹೇಳಬೇಕೆ?

“ಸಾರ್, ಬೆಳಕು ಸ್ವಲ್ಪ ಈಚೆಗೆ.”

ಹಿಡಿದೆ.

“ಸಾರ್, ಕೈ ನಡುಗಿಸ್ಬೇಡಿ.”

ಅದು ನಡುಕವಲ್ಲ, ಉರಿ ಎಂದು ಅವರಿಗೇನು ಗೊತ್ತು! ಹೆಂಡತಿ ಅವರಿಗೆ ಬೆವರೊರೆಸಿಕೊಳ್ಳಲು ಟವೆಲ್ ಕೊಟ್ಟಳು. ಕೊಟ್ಟಳಷ್ಟೆ, ಒರೆಸಲಿಲ್ಲ. ನನಗೆ ಒರೆಸಿದಷ್ಟೇ ಉರಿಯಿತು.

ದೀಪ ಹಾಕುವ ಹೊತ್ತಿಗೆ ಬಂದೂಕು ಮೇಜಿನಿಂದ ಬಿಡುಗಡೆಯಾಯಿತು. ಆದರೆ ಪ್ಯಾಡ್? ಬಿರುಕು ಕೂಡಿತ್ತು, ಅದೊಂದು ನನ್ನ ಗೆಲುವು. ತೂತೆಲ್ಲ ತುಂಬಿ ಒಳಗೆ ಕಲ್ಲಾಗಿತ್ತು. ಕಿತ್ತರೆ ಪುಡಿಯಾಗುತ್ತದೆ, ಹೊಸದು ಹಾಕಿದರೆ ಪಂದ್ಯಕ್ಕೆ ಬಿಡುವುದಿಲ್ಲ. ಹೆಂಡತಿ ಬೆರಳ ಗೆಣ್ಣಿನಿಂದ ಕುಟ್ಟಿದಳು. ಬಾಗಿಲು ಬಡಿದ ಸದ್ದು ಬಂತು.

“ನನ್ನ ಹತ್ರ ಇನ್ನೊಂದು ಹಳೇ ಬಂದೂಕಿದೆ ಮೇಡಂ, ಅದ್ರಲ್ಲಿ ಹೊಡೀರಿ” ಎಂದರು ಡಾಕ್ಟರು.

“ಬೇಡ ಡಾಕ್ಟ್ರೇ. ಹೊಡೆದ್ರೆ ಅಪ್ಪನ ಬಂದೂಕಲ್ಲೇ. ಹೆಗಲು ಹೋದ್ರೆ ಹೋಗ್ಲಿ.”

ನನಗೆ ಅವಳು ಒಂದು ಮಾತೂ ಬೈಯಲಿಲ್ಲ. ಲಾಠಿ ಏಟು ತಿಂದವನು ಹೇಳುತ್ತೇನೆ, ಬೈದಿದ್ದರೆ ಹಿತವಾಗಿರುತ್ತಿತ್ತು.

ಭಾನುವಾರ ನಾನೂ ಹೊರಟೆ. ಡಾಕ್ಟರ ಕಾರಿನಲ್ಲಿ ಮುಂದಿನ ಸೀಟಿಗೆ ಎಲ್ಲರಿಗಿಂತ ಮೊದಲು ಹೋಗಿ ಕೂತೆ. ಹೆಂಡತಿ ಹಿಂದೆ, ಬಂದೂಕಿನ ಜೊತೆ. ಅವರಿಬ್ಬರ ನಡುವೆ ನಾನು ಗೋಡೆ. ಎಷ್ಟಾದರೂ ಗೋಡೆಗಳ ಜೊತೆ ಬದುಕಿದವನು.

ಮೊದಲ ಬಿಲ್ಲೆ ಹಾರಿತು. ಢಮಾರ್! ಚೂರುಚೂರು. ಅವಳು ಹಲ್ಲು ಕಚ್ಚಿದ್ದು ನನಗೆ ಕಂಡಿತು. ಎರಡನೆಯದು, ಮೂರನೆಯದು, ಒಂದೂ ತಪ್ಪಲಿಲ್ಲ. ಪ್ರತಿ ಸಲವೂ ಆ ಕಲ್ಲು ಅವಳ ಹೆಗಲಿಗೆ ಒರಳಿನಲ್ಲಿ ಒನಕೆ ಬಿದ್ದ ಹಾಗೆ ಬೀಳುತ್ತಿತ್ತು. ನಾನು ಬೆಂಚಿನ ಮೇಲೆ ಕೂತು ಪ್ರತಿ ಏಟಿಗೂ ನನ್ನ ಹೆಗಲನ್ನೇ ಹಿಡಿದುಕೊಳ್ಳುತ್ತಿದ್ದೆ. ಅವಳು ಎಂಥ ಗುರಿಕಾರ್ತಿ ಎಂಬುದು ನನಗೆ ತಿಳಿದದ್ದೇ ಅವತ್ತು. ಇಷ್ಟು ವರ್ಷದಲ್ಲಿ ಒಂದು ಭಾನುವಾರವೂ ನೋಡಲು ಹೋಗಿರಲಿಲ್ಲ! ಅರ್ಧ ದಾಟಿದ ಮೇಲೆ, ಬಂದೂಕಿನ ಕುದುರೆ ಒತ್ತುವ ಮುಂಚೆಯೇ ಅವಳ ಕಣ್ಣು ಮುಚ್ಚತೊಡಗಿತು. ಒದೆ ತಿಂದು ತಿಂದು ಮೈ ತಾನಾಗಿ ಹೆದರಿತ್ತು. ಒಂದು ಬಿಲ್ಲೆ ತಪ್ಪಿತು. ಆಮೇಲೆ ಇನ್ನೊಂದು. ಕೊನೆಯ ಬಿಲ್ಲೆ ಆಕಾಶದಲ್ಲಿ ತೇಲಿ, ಯಾವ ಗಾಯವೂ ಇಲ್ಲದೆ, ಹುಲ್ಲಿನ ಮೇಲೆ ಆರಾಮವಾಗಿ ಕೂತಿತು.

ಒಂದೇ ಒಂದು ಬಿಲ್ಲೆಯಿಂದ ಡಾಕ್ಟರು ಗೆದ್ದರು.

ಕಪ್ಪು ಹಿಡಿದುಕೊಂಡು ಅವರು ನೇರವಾಗಿ ನಮ್ಮ ಬೆಂಚಿಗೇ ಬಂದರು. ಹೆಂಡತಿಯನ್ನು ಅಭಿನಂದಿಸಲು ಬಂದ ನೆಪದಲ್ಲಿ ಕೈ ಹಿಡಿಯುತ್ತಾನೆ ಎಂದು ನಾನು ಎದ್ದು ಅಡ್ಡ ನಿಂತೆ. ಅವರು ನನ್ನ ಕೈಯನ್ನೇ ಎರಡೂ ಕೈಯಿಂದ ಹಿಡಿದು ಕುಲುಕಿದರು. ಕಣ್ಣಲ್ಲಿ ನೀರು!

“ಸಾರ್, ಇದು ನನ್ನ ಜನ್ಮದ ಮೊದಲನೇ ಕಪ್ಪು. ಮೇಡಂ ಕ್ಲಬ್ಬಿಗೆ ಬಂದಾಗ್ಲಿಂದ ನಾನು ಎರಡನೆಯವನೇ. ಸತ್ಯ ಹೇಳ್ತೀನಿ, ಮೇಡಂ ಎದುರಿಗೇ ಹೇಳ್ತೀನಿ, ನಂಗೆ ಹೊಟ್ಟೆಕಿಚ್ಚು ಅಂದ್ರೆ ಅಷ್ಟಿಷ್ಟಲ್ಲ! ಪ್ಯಾಡ್ ಸರಿ ಮಾಡ್ಕೊಡ್ತೀನಿ ಅಂತ ಬಾಯಿ ತಪ್ಪಿ ಅಂದುಬಿಟ್ಟೆ, ಆಮೇಲೆ ನಿದ್ದೆ ಇಲ್ಲ. ನಾನೇ ಸರಿ ಮಾಡ್ಬೇಕು, ನಾನೇ ಸೋಲ್ಬೇಕು! ಅಷ್ಟರಲ್ಲಿ ದೇವ್ರ ಹಾಗೆ ನೀವು ಬಂದ್ರಿ. ಈ ಕಪ್ಪಲ್ಲಿ ಅರ್ಧ ಪಾಲು ನಿಮ್ದು ಸಾರ್!”

ಹಾಗೆಂದವರೇ ಕಪ್ಪಿನ ಒಂದು ಕಿವಿಯನ್ನು ನನ್ನ ಕೈಗೆ ಕೊಟ್ಟು, ಇನ್ನೊಂದು ಕಿವಿಯನ್ನು ತಾವು ಹಿಡಿದು, ಫೋಟೋ ತೆಗೆಸಿಕೊಂಡರು. ಫೋಟೋದಲ್ಲಿ ಅವರು ಎಲ್ಲ ಹಲ್ಲನ್ನೂ ತೋರಿಸಿದ್ದಾರೆ. ನಾನು ಇದ್ದಷ್ಟನ್ನು ಕಡಿಯುತ್ತಿದ್ದೇನೆ.

ಅವರು ಅತ್ತ ಹೋದ ಮೇಲೆ ಹೆಂಡತಿಯ ಪಕ್ಕ ಕೂತೆ. ಹೆಗಲಿನ ಮೇಲೆ ಐಸ್ ಕಟ್ಟಿಕೊಂಡಿದ್ದಳು. ಅಂಗಿಯ ಅಂಚಿನಲ್ಲಿ ನೇರಳೆ ಬಣ್ಣ ಇಣುಕುತ್ತಿತ್ತು. ಹೇಳಬಾರದ್ದನ್ನೇ ಹೇಳಿದೆ.

“ಆ ಮನುಷ್ಯನ ನಗು ನೋಡಿದ್ರೆ ಈಗ್ಲೂ ನನ್ನ ಹೊಟ್ಟೆ ಉರಿಯುತ್ತೆ ಕಣೇ.”

ಅವಳು ಐಸನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿಕೊಂಡಳು.

“ಉರೀಲಿ ರೀ, ಬೇಡ ಅಂದೋರ್ಯಾರು? ಆದ್ರೆ ಇನ್ನೊಂದ್ಸಲ ಅವ್ರ ಮೇಲೆ ಹೊಟ್ಟೆಕಿಚ್ಚು ಬಂದ್ರೆ, ದಯವಿಟ್ಟು ಅವ್ರ ಬಂದೂಕು ರಿಪೇರಿ ಮಾಡ್ಕೊಡಿ!”